ಬೆಂಗಳೂರು ಎಫ್‌ಸಿ (ಬಿಎಫ್‌ಸಿ) ಈ ಸೀಸನ್: 13 ಪಂದ್ಯದಲ್ಲಿ 30 ಪಾಯಿಂಟ್ ಆಗುತ್ತಾ? ಹಾಸನ, ಚಿಕ್ಕಮಗಳೂರಿನವರು ಹೇಳಿ

ಸಾಲಗಾಮೆ ರೋಡ್ (ಹಾಸನ)

ಅಂತೂ 2026ರ ಫೆಬ್ರವರಿ 14ಕ್ಕೆ ಐಎಸ್‌ಎಲ್ (ಇಂಡಿಯನ್ ಸೂಪರ್ ಲೀಗ್ ಫುಟ್‌ಬಾಲ್) ಶುರು. ಮಾರನೇ ದಿನ ಶಿವರಾತ್ರಿ. ಮಾಮೂಲಿ ವರ್ಷವಾಗಿದ್ದರೆ ಈ ಹೊತ್ತಿಗೆ ಲೀಗ್ ಮುಗಿಯುತ್ತಾ ಬಂದಿರುತ್ತಿತ್ತು. ಫುಟ್‌ಬಾಲ್ ಫೆಡರೇಷನ್ನಿಗೂ ಲೀಗ್ ನಡೆಸುವ ಕಂಪನಿಗೂ 2010ರಲ್ಲಿ ಆಗಿದ್ದ 15 ವರ್ಷದ ಒಪ್ಪಂದ 2025ರ ಡಿಸೆಂಬರ್‌ಗೆ ಮುಗಿಯಿತು. ಹೊಸ ಒಪ್ಪಂದ ಆಗಲಿಲ್ಲ. ಆಗಸ್ಟ್‌ನಲ್ಲೇ ನಮ್ಮ ಕ್ಲಬ್ ಆಟಗಾರರ ಸಂಬಳ ನಿಲ್ಲಿಸಿದೆ ಅಂತ ಸುದ್ದಿ ಬಂದಾಗ ನನಗೆ ನಿಜಕ್ಕೂ ಭಯವಾಗಿತ್ತು. ತಂಡವೇ ಉಳಿಯುತ್ತದೋ ಇಲ್ಲವೋ ಅನ್ನಿಸಿತ್ತು. ಈಗ ಲೀಗ್ ನಡೆಯುತ್ತಿದೆ ಅನ್ನುವುದೇ ಒಂದು ಸಮಾಧಾನ.

ಆದರೆ ಇದು ಚಿಕ್ಕ ಲೀಗ್. 14 ತಂಡ, ಒಟ್ಟು 91 ಪಂದ್ಯ. ಪ್ರತಿ ಎದುರಾಳಿ ಜೊತೆ ಒಂದೇ ಸಲ ಆಟ. ಅಂದರೆ ನಮಗೆ ಸಿಗುವುದು ಬರೀ 13 ಪಂದ್ಯ. ಪ್ಲೇಆಫ್ ಇಲ್ಲ, ಸೆಮಿಫೈನಲ್ ಇಲ್ಲ. ಟೇಬಲ್‌ನಲ್ಲಿ ಮೇಲಿದ್ದವರೇ ಚಾಂಪಿಯನ್.

ಇದು ನಮಗೆ ಯಾಕೆ ಕಷ್ಟ ಅಂತ ನಾನು ಲೆಕ್ಕ ಹಾಕಿದ್ದೇನೆ, ನೋಡಿ. 2024-25ರಲ್ಲಿ ನಾವು 24 ಪಂದ್ಯದಲ್ಲಿ 38 ಪಾಯಿಂಟ್ ತೆಗೆದು ಮೂರನೆಯವರಾದೆವು. ಮೋಹನ್ ಬಗಾನ್ 56 ತೆಗೆದು ಮೊದಲು ಬಂತು. ಆ ವೇಗವನ್ನೇ 13 ಪಂದ್ಯಕ್ಕೆ ಇಳಿಸಿದರೆ ನಮಗೆ 20 ಅಥವಾ 21 ಬರುತ್ತದೆ, ಬಗಾನ್‌ಗೆ 30. ವ್ಯತ್ಯಾಸ 9 ಪಾಯಿಂಟ್. ಸೋಲುವ ಮೂರು ಪಂದ್ಯವನ್ನು ಗೆಲುವು ಮಾಡಿಕೊಳ್ಳಬೇಕು. ಅಷ್ಟೇ ಅನ್ನಿಸಬಹುದು, ಆದರೆ 13ರಲ್ಲಿ ಮೂರು ಅಂದರೆ ತುಂಬಾ ಜಾಸ್ತಿ.

ಇನ್ನೊಂದು ವಿಷಯ. ನಾವು ಹಿಂದೆ ಬಿದ್ದು ಆಮೇಲೆ ಎದ್ದು ಬರುವ ತಂಡ. 2022-23 ನೆನಪಿದೆಯಲ್ವಾ? ಅರ್ಧ ಸೀಸನ್ ಪೂರ್ತಿ ಒದ್ದಾಡಿದೆವು. ಆಮೇಲೆ ಲೀಗ್‌ನ ಕೊನೆಯ ಎಂಟು ಪಂದ್ಯವನ್ನು ಸಾಲಾಗಿ ಗೆದ್ದು ಪ್ಲೇಆಫ್‌ಗೆ ಹೋದೆವು, ಫೈನಲ್‌ವರೆಗೂ ಹೋದೆವು. ಆ ವರ್ಷ ಲೀಗ್‌ನಲ್ಲಿ 20 ಪಂದ್ಯ ಇತ್ತು. ಈ ಸಲ ಮೊದಲ ಐದು ಪಂದ್ಯ ಕೈಬಿಟ್ಟರೆ ಎದ್ದು ಬರಲು ಜಾಗವೇ ಇಲ್ಲ.

ಹಾಗಾದರೆ ನನ್ನ ಆಸೆ ಏನು? ಕಪ್ ಬೇಕು, ಅದು ಯಾರಿಗೆ ಬೇಡ. ಆದರೆ ಅದಕ್ಕಿಂತ ಮುಂಚೆ ನನಗೆ ಬೇಕಿರುವುದು ಸುನಿಲ್ ಛೆಟ್ರಿ ಗೋಲು ಹೊಡೆಯದ ದಿನವೂ ಗೆಲ್ಲುವ ತಂಡ. ಅವರಿಗೆ 41 ವರ್ಷ. ಹೋದ ಸೀಸನ್‌ನಲ್ಲಿ 14 ಗೋಲು ಹೊಡೆದರು, ಭಾರತದ ಆಟಗಾರರಲ್ಲಿ ಅವರೇ ಮೊದಲು. ಆ ಮನುಷ್ಯನ ಮೇಲೆ ನನಗಿರುವ ಪ್ರೀತಿ ಮಾತಲ್ಲಿ ಹೇಳಲು ಆಗುವುದಿಲ್ಲ. ಅದಕ್ಕೇ ಹೇಳುತ್ತಿದ್ದೇನೆ, ಇನ್ನೂ ಎಷ್ಟು ದಿನ ಅವರ ತಲೆ ಮೇಲೇ ಎಲ್ಲ ಹೊರಿಸುವುದು? 2017-18ರಲ್ಲಿ ನಮ್ಮ ವಿದೇಶಿ ಫಾರ್ವರ್ಡ್ ಮಿಕು 15 ಗೋಲು, ಛೆಟ್ರಿ 14. ಇಬ್ಬರೂ ಹೊಡೆಯುತ್ತಿದ್ದರು, ಎದುರಾಳಿಗೆ ಯಾರನ್ನು ಹಿಡಿಯಬೇಕು ಅಂತ ತಿಳಿಯುತ್ತಿರಲಿಲ್ಲ. ಅಂಥ ಎರಡನೇ ಹೆಸರು ಈ ಸಲ ಯಾರದ್ದು?

ನಿಮ್ಮ ಅಭಿಪ್ರಾಯ ಹೇಳಿ. ಹಾಸನದಿಂದ ಬೆಂಗಳೂರಿನ ಕಂಠೀರವ ಸ್ಟೇಡಿಯಂಗೆ ಯಾರು ಯಾರು ಬರುತ್ತೀರಿ ಅಂತಲೂ ಬರೆಯಿರಿ.

---

ಕಾಫಿ ಮತ್ತು ಕಾಲ್ಚೆಂಡು (ಮೂಡಿಗೆರೆ)

ಒಳ್ಳೆ ಲೆಕ್ಕ ಗುರು. ನಮ್ಮ ಕಡೆ ಅರೇಬಿಕಾ ಕುಯ್ಲು ಮುಗೀತು, ರೋಬಸ್ಟಾ ನಡೀತಾ ಇದೆ. ಪಂದ್ಯದ ಹೊತ್ತಿಗೆ ಕಣದ ಕೆಲಸ ಮುಗಿಸಿ ಕೂರಬಹುದು.

ನಮ್ಮ ಲೈನ್ ಮನೆಗಳಲ್ಲಿ ಅಸ್ಸಾಂ, ಜಾರ್ಖಂಡ್ ಕಡೆಯ ಹುಡುಗರಿದ್ದಾರೆ. ಭಾನುವಾರ ಸಂಜೆ ಕಣದ ಪಕ್ಕ ಆಡುತ್ತಾರೆ. ಕ್ರಿಕೆಟ್ ಅಲ್ಲ, ಫುಟ್‌ಬಾಲ್. ಅಸ್ಸಾಂನವರು ನಾರ್ತ್ ಈಸ್ಟ್ ಯುನೈಟೆಡ್ ಅಂತಾರೆ, ಜಾರ್ಖಂಡ್‌ನವರಿಗೆ ಜಮ್‌ಶೆಡ್‌ಪುರ. ನನ್ನದು ನೀಲಿ, ಅಂದರೆ ಬಿಎಫ್‌ಸಿ. ಹೋದ ವರ್ಷ ಲೀಗ್ ಮುಗಿದಾಗ ಮೂರೂ ತಂಡ 38ರಲ್ಲೇ ನಿಂತಿದ್ದವು. ಆ ವಾರ ತೋಟದಲ್ಲಿ ಬೇರೆ ಮಾತೇ ಇರಲಿಲ್ಲ.

ನಿಮ್ಮ ಪ್ರಶ್ನೆಗೆ ನನ್ನ ಉತ್ತರ ರಯಾನ್ ವಿಲಿಯಮ್ಸ್. ಅವರು ಆಸ್ಟ್ರೇಲಿಯಾ ಪೌರತ್ವ ಬಿಟ್ಟು ಕಳೆದ ನವೆಂಬರ್‌ನಲ್ಲಿ ಭಾರತದವರಾದರು. ಅವರ ತಾಯಿ ಹುಟ್ಟಿದ್ದು ಮುಂಬೈಯಲ್ಲಿ. ತಾತ ರಾಜ್ಯಗಳ ನಡುವಿನ ಸಂತೋಷ್ ಟ್ರೋಫಿಯಲ್ಲಿ ಬಾಂಬೆ ಪರ ಆಡಿದವರು. ಇದರಲ್ಲಿ ನಮಗಿರುವ ಲಾಭ ನೋಡಿ. ಮೈದಾನದಲ್ಲಿ ಒಂದು ಹೊತ್ತಿಗೆ ನಾಲ್ವರು ವಿದೇಶಿಯರು ಮಾತ್ರ ಇರಬಹುದು. ಇಷ್ಟು ದಿನ ಆ ನಾಲ್ವರಲ್ಲಿ ವಿಲಿಯಮ್ಸ್ ಒಬ್ಬರು. ಈಗ ಅವರು ಆಡಿದರೂ ವಿದೇಶಿ ಲೆಕ್ಕದಲ್ಲಿ ಒಂದು ಜಾಗ ಖಾಲಿ ಉಳಿಯುತ್ತದೆ. ಬೇರೆ ಯಾವ ತಂಡಕ್ಕೂ ಈ ಅನುಕೂಲ ಇಲ್ಲ.

ಇನ್ನು ಮೊದಲ ಐದು ಪಂದ್ಯದ ಮಾತು. ನಮಗೆ ಮಾರ್ಚ್‌ನಲ್ಲಿ ಕಾಫಿ ಹೂ ಅರಳಿಸುವ ಹೂಮಳೆ ಸರಿಯಾದ ಹೊತ್ತಿಗೆ ಬರಬೇಕು. ತಡವಾಗಿ ಎಷ್ಟು ಸುರಿದರೂ ಆ ವರ್ಷದ ಫಸಲು ವಾಪಸ್ ಬರುವುದಿಲ್ಲ. ಈ ಲೀಗೂ ಹಾಗೇ. ಫೆಬ್ರವರಿ, ಮಾರ್ಚ್‌ನಲ್ಲೇ ಪಾಯಿಂಟ್ ಬರಬೇಕು.

---

ನೀಲಿ ಹಾಸನ

+1. 24 ಪಾಯಿಂಟ್ ಬಂದರೂ ನನಗೆ ಖುಷಿ. 2023-24ರಲ್ಲಿ ಹತ್ತನೇ ಸ್ಥಾನ ನೋಡಿದವರು ನಾವು.

---

ಹಳೇ ಬ್ಯಾಕ್ (ಚಿಕ್ಕಮಗಳೂರು)

ನಮಸ್ಕಾರ. ಸುಭಾಷ್ ಚಂದ್ರ ಬೋಸ್ ಮೈದಾನದಲ್ಲಿ ಬಹಳ ವರ್ಷ ಡಿಫೆನ್ಸ್ ಆಡಿದವನು ನಾನು. ಅದಕ್ಕೇ ಇರಬಹುದು, ಎಲ್ಲರೂ ಗೋಲು ಯಾರು ಹೊಡೀತಾರೆ ಅಂತ ಕೇಳಿದರೆ ನನಗೆ ಗೋಲು ಯಾರು ತಡೀತಾರೆ ಅನ್ನುವುದೇ ಚಿಂತೆ.

ಒಂದು ವಿಷಯ ಯಾರೂ ಹೇಳಲಿಲ್ಲ. ಪ್ಲೇಆಫ್ ಇಲ್ಲದ ಲೀಗ್ ನಮ್ಮ ಕ್ಲಬ್‌ಗೆ ಹೊಸದಲ್ಲ. 2013ರಲ್ಲಿ ಹುಟ್ಟಿದ ತಂಡ ಮೊದಲನೇ ವರ್ಷವೇ ಕೋಚ್ ಆಶ್ಲಿ ವೆಸ್ಟ್‌ವುಡ್ ಕೈಕೆಳಗೆ ಆಗಿನ ದೊಡ್ಡ ಲೀಗ್ ಐ-ಲೀಗ್ ಗೆದ್ದಿತು. 2015-16ರಲ್ಲಿ ಮತ್ತೆ ಗೆದ್ದಿತು. ಆ ಎರಡನೇ ಸಲ ಲೀಗ್‌ನಲ್ಲಿ ಇದ್ದಿದ್ದು ಒಂಬತ್ತು ತಂಡ, ನಾವು ಆಡಿದ್ದು ಬರೀ 16 ಪಂದ್ಯ. ಈಗಿನದಕ್ಕಿಂತ ಮೂರೇ ಜಾಸ್ತಿ. ಚಿಕ್ಕ ಲೀಗ್ ಅಂತ ಹೆದರುವ ಅಗತ್ಯ ಇಲ್ಲ.

ಮಧ್ಯದ ವರ್ಷ ಏನಾಯಿತು ಅಂತಲೂ ನೆನಪಿಡಬೇಕು. 2015ರ ಮೇ 31, ಕಂಠೀರವ, ಕೊನೆಯ ಪಂದ್ಯ, ಎದುರಿಗೆ ಮೋಹನ್ ಬಗಾನ್. ನಾವು ಗೆಲ್ಲಲೇಬೇಕು, ಅವರಿಗೆ ಡ್ರಾ ಸಾಕು. ಜಾನ್ ಜಾನ್ಸನ್ ಗೋಲು ಹೊಡೆದು ನಾವು ಮುಂದಿದ್ದೆವು. ಇನ್ನೇನು ಮುಗಿಯಿತು ಅನ್ನುವಾಗ ಬೆಲ್ಲೊ ರಝಾಕ್ ತಲೆ ಕೊಟ್ಟು 1-1 ಮಾಡಿದ. ಪ್ರಶಸ್ತಿ ಕೋಲ್ಕತ್ತಾಕ್ಕೆ ಹೋಯಿತು. ಟೇಬಲ್ ಲೀಗ್ ಅಂದರೆ ಇದು. ಒಂದು ಕಾರ್ನರ್‌ನಲ್ಲಿ ಒಬ್ಬನನ್ನು ಬಿಟ್ಟರೆ ವರ್ಷವೇ ಹೋಗುತ್ತದೆ.

ಹಾಗಾಗಿ ನಮ್ಮ ಗೋಲ್‌ಕೀಪರ್ ಗುರ್‌ಪ್ರೀತ್ ಮೇಲೆ ನನ್ನ ಕಣ್ಣು. ನಾರ್ವೆಯ ಸ್ಟಾಬೆಕ್‌ನಿಂದ 2017ರಲ್ಲಿ ಬಂದವರು, ಈ ತಿಂಗಳು 34 ತುಂಬಿತು. ಗೋಲ್‌ಕೀಪರ್‌ಗೆ ಅದು ವಯಸ್ಸೇ ಅಲ್ಲ. ಅವರು ಗೋಲ್‌ಪೋಸ್ಟ್ ಬಿಟ್ಟು ಮುಂದೆ ಬಂದು, ಅಂಚಿನಿಂದ ಬರುವ ಕ್ರಾಸ್ ಹಿಡಿದರೆ ನಮ್ಮ ಡಿಫೆನ್ಸ್ ನೆಮ್ಮದಿಯಾಗಿ ಆಡುತ್ತದೆ. ಗೆರೆ ಮೇಲೇ ನಿಂತರೆ ಎಲ್ಲರೂ ಹಿಂದೆ ಸರಿಯುತ್ತಾರೆ, ಮಿಡ್‌ಫೀಲ್ಡ್‌ಗೂ ಡಿಫೆನ್ಸ್‌ಗೂ ನಡುವೆ ಜಾಗ ಬೀಳುತ್ತದೆ. ಸುರೇಶ್ ವಾಂಗ್‌ಜಾಮ್ ಒಬ್ಬನೇ ಅದನ್ನು ತುಂಬಲು ಓಡಬೇಕಾಗುತ್ತದೆ. 13 ಪಂದ್ಯದಲ್ಲಿ ಆರು ಕ್ಲೀನ್ ಶೀಟ್ (ಒಂದೂ ಗೋಲು ಬಿಡದ ಪಂದ್ಯ) ಇಟ್ಟರೆ ನಾವು ಮೇಲಿನ ಮೂರರಲ್ಲಿ ಇರುತ್ತೇವೆ. ಇದು ನನ್ನ ಮಾತು.

---

ಸಾಲಗಾಮೆ ರೋಡ್ (ಹಾಸನ)

ಸರ್, 2015-16ರ 16 ಪಂದ್ಯದ ವಿಷಯ ನನ್ನ ತಲೆಗೇ ಹೊಳೆದಿರಲಿಲ್ಲ. ಇದನ್ನು ಕೇಳಿ ಧೈರ್ಯ ಬಂತು.

ಮೂಡಿಗೆರೆ ಅಣ್ಣ, ವಿಲಿಯಮ್ಸ್ ವಿಷಯ ಒಪ್ಪುತ್ತೇನೆ. ಆದರೆ ಅವರು ಅಂಚಿನಲ್ಲಿ ಓಡಿ ಚೆಂಡು ಒಳಗೆ ಕಳಿಸುವವರು. ಬಾಕ್ಸ್ ಒಳಗೆ ನಿಂತು ಕಾಯುವವರು ಬೇರೆ ಬೇಕು.

---

ಬಾಳೆಹೊನ್ನೂರು ಹಳದಿ

ಎಲ್ಲರಿಗೂ ನಮಸ್ಕಾರ. ನಾನು ಕೇರಳ ಬ್ಲಾಸ್ಟರ್ಸ್ ಕಡೆ. ಅಜ್ಜನ ಕಾಲಕ್ಕೆ ನಮ್ಮ ಮನೆಯವರು ಕೇರಳದಿಂದ ಇಲ್ಲಿಗೆ ಬಂದವರು. ನಾನು ಹುಟ್ಟಿ ಬೆಳೆದಿದ್ದು ಇಲ್ಲೇ. ನೀವು ಬೈದರೂ ಪರವಾಗಿಲ್ಲ, ಒಂದು ಮಾತು ಹೇಳಬೇಕು.

2022-23ರ ಓಟದ ಬಗ್ಗೆ ಹೆಮ್ಮೆಯಿಂದ ಬರೆದಿದ್ದೀರಿ. ಆ ಪ್ಲೇಆಫ್ ನಮಗೆ ಇನ್ನೂ ನೋವು ಕೊಡುತ್ತದೆ. 2023ರ ಮಾರ್ಚ್ 3, ಎಕ್ಸ್‌ಟ್ರಾ ಟೈಮ್. ನಮ್ಮವರು ಇನ್ನೂ ಗೋಡೆ ಕಟ್ಟಿರಲಿಲ್ಲ, ಗೋಲಿ ರೆಡಿ ಇರಲಿಲ್ಲ, ಛೆಟ್ರಿ ಫ್ರೀಕಿಕ್ ಹೊಡೆದೇಬಿಟ್ಟರು. ಅದು ಗೆಲ್ಲುವ ರೀತಿಯಾ? ನೀವೇ ಹೇಳಿ.

---

ಹಳೇ ಬ್ಯಾಕ್ (ಚಿಕ್ಕಮಗಳೂರು)

ನಿಮ್ಮ ನೋವು ಅರ್ಥವಾಗುತ್ತದೆ. ಆದರೆ ನಿಯಮ ಸ್ಪಷ್ಟ ಇದೆ. ಫ್ರೀಕಿಕ್‌ಗೆ ಪ್ರತಿ ಸಲ ವಿಸಲ್ ಕಾಯಬೇಕಿಲ್ಲ. ಹೊಡೆಯುವ ತಂಡ ಗೋಡೆಯನ್ನು ದೂರ ಸರಿಸಿ ಅಂತ ಕೇಳಿದರೆ, ಅಥವಾ ರೆಫರಿ ಕಾರ್ಡ್ ತೋರಿಸಲು ಆಟ ನಿಲ್ಲಿಸಿದರೆ, ಆಗ ವಿಸಲ್ ಬೇಕು. ಇಲ್ಲದಿದ್ದರೆ ತಕ್ಷಣ ಹೊಡೆಯಬಹುದು. ಅದಕ್ಕೇ ಡಿಫೆನ್ಸ್ ಆಡುವವರಿಗೆ ನಾವು ಮೊದಲ ದಿನ ಹೇಳುವ ಪಾಠ ಇದು: ಫೌಲ್ ಆದ ಕೂಡಲೇ ಒಬ್ಬ ಚೆಂಡಿನ ಮುಂದೆ ನಿಲ್ಲಬೇಕು, ಆಮೇಲೆ ಗೋಡೆ.

ಗೋಲು ಕೊಟ್ಟಿದ್ದಕ್ಕಿಂತ ಮೈದಾನ ಬಿಟ್ಟು ಹೊರಟಿದ್ದು ನಿಮ್ಮ ತಂಡಕ್ಕೆ ದುಬಾರಿಯಾಯಿತು. ಫೆಡರೇಷನ್ 4 ಕೋಟಿ ರೂಪಾಯಿ ದಂಡ ಹಾಕಿತು. ಕೋಚ್ ವುಕೊಮನೊವಿಚ್‌ಗೆ 10 ಪಂದ್ಯದ ನಿಷೇಧ ಆಯಿತು. ಇನ್ನೂ ಸಮಯ ಇತ್ತು, ಆಡಿದ್ದರೆ ಸಮ ಮಾಡಿಕೊಳ್ಳಬಹುದಿತ್ತು.

---

ಬಾಳೆಹೊನ್ನೂರು ಹಳದಿ

ಆಡಬೇಕಿತ್ತು ಅನ್ನುವುದನ್ನು ಒಪ್ಪುತ್ತೇನೆ ಸರ್. ಈ ಸಲ ಎರಡು ತಂಡಕ್ಕೂ ಒಂದೇ ಪಂದ್ಯ. ಸೇಡು ತೀರಿಸಿಕೊಳ್ಳಲು ವಾಪಸ್ ಪಂದ್ಯ ಇಲ್ಲ. ನಮ್ಮ ಕಡೆಯೂ ಅದೇ ಬೇಜಾರು.

---

ಅಮ್ಮ–ಮಗಳು ಬ್ಲೂಸ್ (ಹಾಸನ)

ನಾನು ಹಾಸನದಿಂದ ಮಗಳನ್ನು ಕರೆದುಕೊಂಡು ಪಂದ್ಯಕ್ಕೆ ಹೋಗುವವಳು. ಕಂಠೀರವದಲ್ಲಿ ಕೂರುವುದರ ಬಗ್ಗೆ ಯಾರೂ ಬರೆದಿಲ್ಲ, ಅದಕ್ಕೆ ನಾನು ಬರೆಯುತ್ತೇನೆ. ಅಲ್ಲಿ ಅಥ್ಲೆಟಿಕ್ಸ್ ಟ್ರ್ಯಾಕ್ ಇರುವುದರಿಂದ ಮೈದಾನ ಸ್ವಲ್ಪ ದೂರ ಅನ್ನಿಸುತ್ತದೆ. ಮೊದಲ ಸಲ ಹೋಗುವವರು ಸ್ವಲ್ಪ ಮೇಲಿನ ಸಾಲಲ್ಲಿ ಕೂರಿ. ಯಾರು ಎಲ್ಲಿ ಓಡುತ್ತಿದ್ದಾರೆ, ಡಿಫೆನ್ಸ್ ಹೇಗೆ ಒಟ್ಟಿಗೆ ಮುಂದೆ ಬರುತ್ತದೆ, ಎಲ್ಲ ಕಾಣುತ್ತದೆ. ಟಿವಿಯಲ್ಲಿ ಚೆಂಡು ಮಾತ್ರ ಕಾಣುವುದು.

ವೆಸ್ಟ್ ಬ್ಲಾಕ್ ಕಡೆ ತೊಂಬತ್ತು ನಿಮಿಷವೂ ನಿಂತೇ ಹಾಡುತ್ತಾರೆ. ಮಗಳಿಗೆ ಅಲ್ಲೇ ಇಷ್ಟ. ಸಣ್ಣ ಮಕ್ಕಳಿದ್ದರೆ ಆ ಬ್ಲಾಕ್‌ನಿಂದ ಸ್ವಲ್ಪ ದೂರ ಟಿಕೆಟ್ ತೆಗೆದುಕೊಳ್ಳಿ, ಹಾಡು ಅಲ್ಲಿಗೂ ಕೇಳುತ್ತದೆ.

ವಾಪಸ್ ಬರುವುದೇ ಚಿಂತೆ ಅನ್ನುವವರಿಗೆ: ಸ್ಟೇಡಿಯಂಗೆ ಕಬ್ಬನ್ ಪಾರ್ಕ್ ಮೆಟ್ರೋ ಹತ್ತಿರ. ಅಲ್ಲಿಂದ ಮೆಜೆಸ್ಟಿಕ್‌ಗೆ ನೇರ ರೈಲು. ಮೆಜೆಸ್ಟಿಕ್‌ನಲ್ಲಿ ಹಾಸನ, ಚಿಕ್ಕಮಗಳೂರು ಕಡೆ ರಾತ್ರಿ ಬಸ್ ಸಿಗುತ್ತದೆ. ಶನಿವಾರದ ಪಂದ್ಯವಾದರೆ ಭಾನುವಾರ ಮಲಗಬಹುದು. ವಾರದ ಮಧ್ಯದ ಪಂದ್ಯ ಮಕ್ಕಳಿಗೆ ಪರೀಕ್ಷೆ ಸಮಯ, ನಾವು ಹೋಗುವುದಿಲ್ಲ.

ನನ್ನ ಆಸೆ ಏನೆಂದರೆ ಸ್ಟೇಡಿಯಂ ತುಂಬಬೇಕು. 13ರಲ್ಲಿ ಮನೆ ಮೈದಾನದ ಪಂದ್ಯ ಆರೋ ಏಳೋ ಅಷ್ಟೇ. ಹೋದ ವರ್ಷ ಪ್ಲೇಆಫ್‌ನಲ್ಲಿ ಮುಂಬೈ ಸಿಟಿಗೆ ಇಲ್ಲಿ 5-0 ಹೊಡೆದೆವು. ಸೆಮಿಫೈನಲ್‌ನಲ್ಲಿ ಗೋವಾಗೆ ಇಲ್ಲೇ 2-0. ಕಂಠೀರವದಲ್ಲಿ ಜನ ಇದ್ದರೆ ಈ ತಂಡ ಬೇರೆಯೇ ಆಡುತ್ತದೆ. ಅರ್ಧ ವರ್ಷ ಆಟವಿಲ್ಲದೆ, ಸಂಬಳದ ಚಿಂತೆಯಲ್ಲಿ ಇದ್ದ ಹುಡುಗರು ಅವರು. ಹೊರಗೆ ಬಂದು ನೋಡಿದಾಗ ಖಾಲಿ ಕುರ್ಚಿ ಕಾಣಬಾರದು.

---

ಅರಕಲಗೂಡು ಎಕ್ಸ್‌ಪ್ರೆಸ್

ಅಕ್ಕ, ಬಹಳ ಉಪಯೋಗ ಆಯಿತು. ನಾನು ಇದುವರೆಗೂ ಸ್ಟೇಡಿಯಂಗೆ ಹೋಗಿಲ್ಲ, ಈ ಸಲ ಹೋಗಲೇಬೇಕು.

ನನ್ನ ಆಸೆ ಬೇರೆ. ನಮ್ಮ ರಾಜ್ಯದ ಹುಡುಗರು ಹನ್ನೊಂದರಲ್ಲಿ ಆಡಬೇಕು. ವಿನಿತ್ ವೆಂಕಟೇಶ್ 2024ರ ಸೆಪ್ಟೆಂಬರ್‌ನಲ್ಲಿ ಮೊದಲ ಐಎಸ್‌ಎಲ್ ಪಂದ್ಯದಲ್ಲೇ ಈಸ್ಟ್ ಬೆಂಗಾಲ್ ಮೇಲೆ ಗೋಲು ಹೊಡೆದ. 1-0. ಆ ಒಂದೇ ಗೋಲಿನಿಂದ ಗೆದ್ದೆವು. ಕಂಠೀರವದಲ್ಲಿ ಕನ್ನಡ ಹೆಸರಿನ ಹುಡುಗನಿಗೆ ಅಷ್ಟು ಜನ ಕೂಗಿದ್ದನ್ನು ಫೋನಲ್ಲಿ ನೋಡಿ ನನ್ನ ಕಣ್ಣು ತುಂಬಿತು.

ನಮ್ಮಲ್ಲಿ ಆಟಗಾರರು ಇಲ್ಲ ಅನ್ನುವವರಿಗೆ ಒಂದು ಉತ್ತರ ಇದೆ. ಬಾಳೆಹೊನ್ನೂರಿನವರು ಹೇಳಿದ ಆ ಫ್ರೀಕಿಕ್ ಆದ ಮಾರನೇ ದಿನ, 2023ರ ಮಾರ್ಚ್ 4ಕ್ಕೆ, ಕರ್ನಾಟಕ ಸಂತೋಷ್ ಟ್ರೋಫಿ ಗೆದ್ದಿತು. ಸೌದಿಯ ರಿಯಾದ್‌ನಲ್ಲಿ ಫೈನಲ್, ಮೇಘಾಲಯ ಮೇಲೆ 3-2. 54 ವರ್ಷದ ಮೇಲೆ ಸಿಕ್ಕ ಕಪ್. ಎಲ್ಲ ಟಿವಿಯಲ್ಲೂ ಫ್ರೀಕಿಕ್ ಜಗಳವೇ ಓಡುತ್ತಿತ್ತು, ನಮ್ಮ ಹುಡುಗರ ಸುದ್ದಿ ಮೂಲೆಗೆ ಹೋಯಿತು. ಅದು ನನಗೆ ಇವತ್ತಿಗೂ ಬೇಸರ.

---

ಹಳೇ ಬ್ಯಾಕ್ (ಚಿಕ್ಕಮಗಳೂರು)

ಈ ಹುಡುಗ ಸರಿಯಾಗಿ ಹೇಳಿದ. ಅದಕ್ಕೂ ಹಿಂದಿನದನ್ನು ನಾನು ಸೇರಿಸುತ್ತೇನೆ. ಮೈಸೂರು ಅನ್ನುವ ಹೆಸರಲ್ಲಿ ನಾವು ಸಂತೋಷ್ ಟ್ರೋಫಿಯನ್ನು ನಾಲ್ಕು ಸಲ ಗೆದ್ದಿದ್ದೇವೆ. ಮೊದಲನೆಯದು 1946-47ರಲ್ಲಿ, ಕೊನೆಯದು 1968-69ರಲ್ಲಿ. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಫ್ರಾನ್ಸ್ ಮೇಲೆ ಭಾರತದ ಗೋಲು ಹೊಡೆದ ಸಾರಂಗಪಾಣಿ ರಾಮನ್ ಬೆಂಗಳೂರಿನವರು. ಈಸ್ಟ್ ಬೆಂಗಾಲ್‌ನ ಪಂಚಪಾಂಡವರು ಅಂತ ಐವರು ಫಾರ್ವರ್ಡ್‌ಗಳಿಗೆ ಹೆಸರಿತ್ತಲ್ವಾ, ಅದರಲ್ಲಿ ಅಹಮದ್ ಖಾನ್ ನಮ್ಮ ಊರಿನ ಕಡೆಯವರೇ, ಬೆಂಗಳೂರಿನ ಹುಡುಗ. ಈ ನೆಲದಲ್ಲಿ ಫುಟ್‌ಬಾಲ್ ಇತ್ತು, ಇದೆ. ಹಾಸನ, ಚಿಕ್ಕಮಗಳೂರಿನ ಮೈದಾನದಿಂದ ಒಬ್ಬ ಹುಡುಗ ಆ ನೀಲಿ ಅಂಗಿ ಹಾಕುವುದನ್ನು ನೋಡಬೇಕು ಅನ್ನುವುದು ನನ್ನ ದೊಡ್ಡ ಆಸೆ. ಅದು ಈ ಸೀಸನ್‌ಗೆ ಆಗುವುದಲ್ಲ, ಗೊತ್ತು.

---

ನೀಲಿ ಹಾಸನ

ಒಂದು ಪ್ರಶ್ನೆ. ಛೆಟ್ರಿಯನ್ನು ಮೊದಲಿಂದ ಆಡಿಸಬೇಕಾ, ಆಮೇಲೆ ಇಳಿಸಬೇಕಾ? ಬಿಸಿಲು ಬೇರೆ ಶುರುವಾಗುತ್ತಿದೆ. ಏಪ್ರಿಲ್, ಮೇನಲ್ಲಿ ಕೋಲ್ಕತ್ತಾ, ಭುವನೇಶ್ವರ ಕಡೆ ಆಡುವುದು ಸುಲಭ ಅಲ್ಲ.

---

ಕಾಫಿ ಮತ್ತು ಕಾಲ್ಚೆಂಡು (ಮೂಡಿಗೆರೆ)

ಬೆಂಚಿನಿಂದ. ಕೊನೆಯ ಅರ್ಧ ಗಂಟೆ ಅವರ ಗಂಟೆ. ಗೋವಾ ಸೆಮಿಫೈನಲ್ ನೆನಪು ಮಾಡಿಕೊಳ್ಳಿ. ಇಲ್ಲಿ 2-0 ಗೆದ್ದು ಅಲ್ಲಿಗೆ ಹೋದೆವು, ಅವರು ಎರಡು ಹೊಡೆದು ಸಮ ಮಾಡಿದರು. ಎಲ್ಲ ಮುಗಿಯಿತು, ಎಕ್ಸ್‌ಟ್ರಾ ಟೈಮೇ ಅನ್ನುವಾಗ ಇಂಜುರಿ ಟೈಮಲ್ಲಿ ಛೆಟ್ರಿ ಹೆಡರ್. ಎದುರಾಳಿ ಕಾಲು ಸೋತಾಗ ಎಲ್ಲಿ ನಿಲ್ಲಬೇಕು ಅನ್ನುವುದು ಅವರಿಗೆ ಮಾತ್ರ ಗೊತ್ತು. ಆ ವಿದ್ಯೆ ಮೊದಲ ನಿಮಿಷಕ್ಕಿಂತ ಎಪ್ಪತ್ತನೇ ನಿಮಿಷದಲ್ಲಿ ಹೆಚ್ಚು ಕೆಲಸಕ್ಕೆ ಬರುತ್ತದೆ.

---

ಅಮ್ಮ–ಮಗಳು ಬ್ಲೂಸ್ (ಹಾಸನ)

ನಾನು ಒಪ್ಪುವುದಿಲ್ಲ. ಮನೆ ಮೈದಾನದಲ್ಲಿ ಮೊದಲಿಂದ ಆಡಲಿ, ಹೊರಗಿನ ಪಂದ್ಯದಲ್ಲಿ ಬೆಂಚಿನಿಂದ ಬರಲಿ. ಅವರು ಲೈನಪ್‌ನಲ್ಲಿ ಇದ್ದಾರೆ ಅಂದರೆ ಹಾಸನದಿಂದ ಬರುವ ಮಕ್ಕಳಿಗೆ ಆ ದಿನವೇ ಬೇರೆ. ಇನ್ನು ಎಷ್ಟು ಸಲ ನೋಡಲು ಸಿಗುತ್ತದೆ?

---

ಸಾಲಗಾಮೆ ರೋಡ್ (ಹಾಸನ)

ಅಕ್ಕನ ಮಾತೇ ಸರಿ ಅನ್ನಿಸಿತು. ಒಬ್ಬರು ಬೆಂಚಿನಲ್ಲಿದ್ದಾಗ ಬೇರೆಯವರು ಹೊಡೆಯುವ ಅಭ್ಯಾಸವೂ ಆಗುತ್ತದೆ, ಮನೆಯಲ್ಲಿ ಜನರಿಗೂ ಅವರು ಸಿಗುತ್ತಾರೆ.

2025ರ ಏಪ್ರಿಲ್ 12ರ ಫೈನಲ್ ನನಗೆ ಇನ್ನೂ ಮನಸ್ಸಿಂದ ಹೋಗಿಲ್ಲ. ಕೋಲ್ಕತ್ತಾದ ಸಾಲ್ಟ್ ಲೇಕ್‌ನಲ್ಲಿ ಮೋಹನ್ ಬಗಾನ್‌ನವರ ಸೆಲ್ಫ್ ಗೋಲಿನಿಂದ ನಾವು ಮುಂದಿದ್ದೆವು. ಅವರ ಕಮ್ಮಿಂಗ್ಸ್ ಪೆನಾಲ್ಟಿ, ಆಮೇಲೆ ಎಕ್ಸ್‌ಟ್ರಾ ಟೈಮಲ್ಲಿ ಮೆಕ್‌ಲಾರೆನ್. 2-1. ಒಂದು ಗೋಲು ಹೆಚ್ಚು ಹೊಡೆಯಲು ನಮ್ಮಲ್ಲಿ ಯಾರೂ ಉಳಿದಿರಲಿಲ್ಲ. 2019ರಲ್ಲಿ ಹಾಗಿರಲಿಲ್ಲ. ಮುಂಬೈ ಫೈನಲ್‌ನಲ್ಲಿ ಗೋವಾ ಮೇಲೆ 117ನೇ ನಿಮಿಷಕ್ಕೆ ರಾಹುಲ್ ಭೇಕೆ ಬಂದು ಹೆಡರ್ ಹೊಡೆದ. ಡಿಫೆಂಡರ್! ಮಿಕು, ಛೆಟ್ರಿ ಇಬ್ಬರಿಗೂ ಆಗದ ದಿನ ಮೂರನೆಯವನು ಬಂದ. ಅದನ್ನೇ ನಾನು ಮೊದಲಿಂದ ಕೇಳುತ್ತಿರುವುದು.

ಕಂಠೀರವದ ವೇಳಾಪಟ್ಟಿ ನೋಡಿ ಶನಿವಾರ, ಭಾನುವಾರದ ಪಂದ್ಯಗಳನ್ನು ಇಲ್ಲೇ ಹಾಕುತ್ತೇನೆ. ಹಾಸನದಿಂದ ಹೋಗುವವರು ಒಟ್ಟಿಗೆ ಹೋಗೋಣ. ಅರಕಲಗೂಡು ತಮ್ಮ, ನೀನು ಹಾಸನ ಬಸ್ ಸ್ಟ್ಯಾಂಡ್‌ಗೆ ಬಾ, ಅಲ್ಲಿಂದ ನಮ್ಮ ಜೊತೆ ಬರುವೆಯಂತೆ.

---

ಅರಕಲಗೂಡು ಎಕ್ಸ್‌ಪ್ರೆಸ್

ಖಂಡಿತ ಬರ್ತೀನಿ ಅಣ್ಣ. ಜೆರ್ಸಿ ಇವತ್ತೇ ತಗೋತೀನಿ.

---

ಬಾಳೆಹೊನ್ನೂರು ಹಳದಿ

ನಮ್ಮ ಪಂದ್ಯ ಬೆಂಗಳೂರಿನಲ್ಲಿ ಬಿದ್ದರೆ ನನಗೂ ತಿಳಿಸಿ. ಹಾಸನದವರೆಗೆ ಬಂದು ನಿಮ್ಮ ಜೊತೆ ಸೇರಿಕೊಳ್ಳುತ್ತೇನೆ. ಸ್ಟೇಡಿಯಂ ಒಳಗೆ ಮಾತ್ರ ನಾನು ಹಳದಿ ಕಡೆ.